ಹಿಂಬಡ್ತಿ: ಎಚ್‌ಎಎಲ್ ಫುಟ್‌ಬಾಲ್ ತಂಡ ಕೆಳಗಿಳಿದ ಕಥೆ



ಸ್ವಲ್ಪ ಉದ್ದದ ಪೋಸ್ಟು. ಫುಟ್‌ಬಾಲ್ ಬಗ್ಗೆ. ನಮ್ಮ ಗೆಳೆಯರಲ್ಲಿ ಎಷ್ಟೋ ಜನಕ್ಕೆ ಈ ಆಟದ ಗಂಧಗಾಳಿ ಇಲ್ಲ ಅಂತ ಗೊತ್ತು. ಪರವಾಗಿಲ್ಲ, ಓದಿ. ಆಟ ಗೊತ್ತಿಲ್ಲದಿದ್ದರೂ ಇದರಲ್ಲಿ ಬರೋ ಮುಖ್ಯ ಪದ ನಿಮಗೆಲ್ಲ ಚೆನ್ನಾಗಿ ಗೊತ್ತು. ಹಿಂಬಡ್ತಿ.

ಲೀಗಿನಲ್ಲಿ ಕೊನೆಗೆ ಬಂದ ತಂಡವನ್ನು ಮುಂದಿನ ವರ್ಷ ಕೆಳಗಿನ ಡಿವಿಷನ್ನಿಗೆ ಇಳಿಸ್ತಾರೆ. ಕೆಳಗೆ ಗೆದ್ದ ತಂಡ ಆ ಜಾಗಕ್ಕೆ ಹತ್ತಿ ಬರುತ್ತೆ. ಹತ್ತಿದರೆ ಬಡ್ತಿ, ಇಳಿದರೆ ಹಿಂಬಡ್ತಿ ಅಂತ ನಮ್ಮ ಪೇಪರುಗಳ ಕ್ರೀಡಾ ಪುಟದಲ್ಲಿ ಬರೀತಾರೆ. ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ತಲೆಕೂದಲು ನೆರೆತಿರೋ ನನಗೆ ಆ ಪದ ಎಲ್ಲಿ ಕಂಡರೂ ಕಣ್ಣು ಅಲ್ಲೇ ನಿಲ್ಲುತ್ತೆ.

ಈಗ ಯಾಕೆ ಬರೀತಿದೀನಿ ಅಂದ್ರೆ, ಹೋದ ವಾರ ಟೀ ಕುಡಿಯೋವಾಗ ಸಹೋದ್ಯೋಗಿಯೊಬ್ಬರು ಅದೇ ಹಳೇ ಪ್ರಶ್ನೆ ತೆಗೆದ್ರು. "ಎಲ್ಲಾ ಕಡೆ ಮೀಸಲಾತಿ ಕೇಳ್ತೀರಲ್ಲ ಸಾರ್, ಆಟದಲ್ಲಿ ಯಾಕೆ ಕೇಳಲ್ಲ? ಅಲ್ಲಿ ಮೆರಿಟ್ ಒಂದೇ ನಡೆಯೋದು. ಗೆದ್ದೋನು ಮೇಲೆ, ಸೋತೋನು ಕೆಳಗೆ. ಯಾರಿಗೂ ರಿಯಾಯಿತಿ ಇಲ್ಲ." ಒಂದು ಲೋಟ ಟೀ ಮುಗಿಯೋದ್ರಲ್ಲಿ ಹೇಳಿಬಿಡೋ ಉತ್ತರ ಅಲ್ಲ ಅದು. ಅದಕ್ಕೇ ಇಲ್ಲಿ ಬರೀತಿದೀನಿ. ಯಾರಿಗೂ ರಿಯಾಯಿತಿ ಇಲ್ಲ ಅನ್ನೋ ಆ ಮಾತನ್ನ ನಮ್ಮ ಬೆಂಗಳೂರಿನದೇ ಒಂದು ತಂಡದ ಕಥೆ ಇಟ್ಕೊಂಡು ನೋಡೋಣ.

ಆ ತಂಡ ಎಚ್‌ಎಎಲ್. ವಿಮಾನ ಕಾರ್ಖಾನೆಯ ತಂಡ.

ಈಗಿನ ಹುಡುಗರಿಗೆ ಬೆಂಗಳೂರಿನ ಫುಟ್‌ಬಾಲ್ ಅಂದ್ರೆ ಕಂಠೀರವ ಸ್ಟೇಡಿಯಂ, ನೀಲಿ ಜೆರ್ಸಿ, ಸುನಿಲ್ ಛೆಟ್ರಿ. ಅದಕ್ಕೂ ಮುಂಚೆ ಈ ಊರಿನ ಫುಟ್‌ಬಾಲ್ ನಡೀತಿದ್ದದ್ದು ಕಾರ್ಖಾನೆಗಳ ಹೆಸರಲ್ಲಿ. ಎಚ್‌ಎಎಲ್, ಐಟಿಐ, ಬಿಇಎಂಎಲ್. ಜೊತೆಗೆ ಮಿಲಿಟರಿಯ ಎಂಇಜಿ, ಎಎಸ್‌ಸಿ. ಆಡೋ ಹುಡುಗರಲ್ಲಿ ಬಹಳಷ್ಟು ಜನ ದಂಡು ಪ್ರದೇಶದ ಕೇರಿಗಳಿಂದ ಬಂದವರು. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರು, ಗೌತಮಪುರ. ನಮ್ಮ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಕಡೆ ಬೆಳೆದೋರಿಗೆ ಮೈದಾನ ಅಂದ್ರೆ ಕ್ರಿಕೆಟ್ಟು, ಬಿಟ್ರೆ ಕಬಡ್ಡಿ. ಫುಟ್‌ಬಾಲ್ ನೋಡಬೇಕು ಅಂದ್ರೆ ಊರು ದಾಟಿ ಪೂರ್ವಕ್ಕೆ ಹೋಗಬೇಕಿತ್ತು.

ಗೌತಮಪುರಕ್ಕೆ ಹೋಗದವರು ಒಮ್ಮೆ ಹೋಗಿ ಬನ್ನಿ. ಅಲ್ಲಿ ಬುದ್ಧ ಇದ್ದಾನೆ, ಬಾಬಾಸಾಹೇಬರಿದ್ದಾರೆ, ಮದರ್ ತೆರೇಸಾ ಇದ್ದಾರೆ. ಅವರ ಜೊತೆಗೆ ಪೆಲೆ ನಿಂತಿದ್ದಾರೆ. ಬ್ರೆಜಿಲ್ಲಿನ ಬಡವರ ಮನೆಯ ಒಬ್ಬ ಕರಿಯ ಹುಡುಗ ನಮ್ಮ ಕೇರಿಯಲ್ಲಿ ಬಾಬಾಸಾಹೇಬರ ಜೊತೆ ಯಾಕೆ ನಿಂತ ಅಂತ ಅಲ್ಲಿನ ಜನಕ್ಕೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ಎದುರು ಭಾರತ 2-1ರಲ್ಲಿ ಸೋತಾಗ ಆ ಒಂದು ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಅವತ್ತು ನಮ್ಮ ತಂಡದ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ರು. ಇಷ್ಟು ಹಳೇ ಬೇರು ಇದಕ್ಕೆ.

ನನಗೆ ಈ ಆಟದ ಹುಚ್ಚು ಹಿಡಿಸಿದ್ದು ನಮ್ಮ ಸೋದರಮಾವ. ಮಾಗಡಿ ಕಡೆಯಿಂದ ಕೆಲಸ ಹುಡುಕ್ಕೊಂಡು ಬಂದವರು, ಆಸ್ಟಿನ್ ಟೌನಲ್ಲಿ ಬಾಡಿಗೆ ರೂಮು ಹಿಡಿದು, ಅಲ್ಲಿನ ಹುಡುಗರ ಜೊತೆ ಸೇರಿ ಆಟ ಕಲಿತರು. ಎಡಗಾಲಲ್ಲಿ ಚೆನ್ನಾಗಿ ಒದೀತಿದ್ರಂತೆ. ಒಂದು ಸರ್ಕಾರಿ ಕಾರ್ಖಾನೆಯವರು ಟ್ರಯಲ್ಸಿಗೆ ಕರೆದರು, ಆಯ್ಕೆ ಆದರು, ಹೆಲ್ಪರ್ ಅಂತ ಸೇರಿದರು. ನಮ್ಮ ಇಡೀ ವಂಶದಲ್ಲಿ ತಿಂಗಳ ಸಂಬಳ ಎಣಿಸಿದ ಮೊದಲನೇ ಮನುಷ್ಯ ಅವರು. ಪಿಎಫ್, ಇಎಸ್‌ಐ, ಕ್ಯಾಂಟೀನ್ ಊಟ, ಕಂಪನಿ ಬಸ್ಸು. ಅಮ್ಮ ನನ್ನ ಬಿಎ ಫೀಸಿಗೆ ಕೈಚಾಚಿದ್ದು ಅವರ ಹತ್ತಿರಾನೇ. ಮಾವ ಒಂದು ಮಾತು ಹೇಳೋರು. "ಕಪ್ಪು ಗಿಪ್ಪು ಎಲ್ಲಾ ಮ್ಯಾನೇಜರ್ ರೂಮಲ್ಲಿಡೋಕೆ ಕಣೋ. ನಾವು ಆಡ್ತಿದ್ದದ್ದು ಟೋಕನ್ ನಂಬರಿಗೆ."

ಆ ಟೋಕನ್ ನಂಬರ್ ನೆನಪಲ್ಲಿಟ್ಟುಕೊಳ್ಳಿ. ಕಥೆಯಲ್ಲಿ ಮತ್ತೆ ಬರುತ್ತೆ.

2010ರಲ್ಲಿ ಎಚ್‌ಎಎಲ್ ತಂಡ ಐ-ಲೀಗಿನ ಎರಡನೇ ಡಿವಿಷನ್ನಿನಿಂದ ಮೇಲಕ್ಕೆ ಬಡ್ತಿ ಪಡೀತು. ಆ ವರ್ಷ ಜೊತೆಗೆ ಹತ್ತಿ ಬಂದದ್ದು ಒಎನ್‌ಜಿಸಿ. ಆಗ ದೇಶದ ಅತಿ ಮೇಲಿನ ಲೀಗು ಐ-ಲೀಗೇ. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಗೋವಾದ ಡೆಂಪೊ, ಚರ್ಚಿಲ್, ಸಲ್ಗಾಂವ್ಕರ್. ಇವರ ಮಧ್ಯೆ ನಮ್ಮ ವಿಮಾನ ಕಾರ್ಖಾನೆಯ ನೌಕರರು. ದೊಡ್ಡ ಕ್ಲಬ್ಬುಗಳ ಮುಂದೆ ನೈಜೀರಿಯಾ, ಬ್ರೆಜಿಲ್ ಕಡೆಯ ಫಾರ್ವರ್ಡುಗಳು. ಎಚ್‌ಎಎಲ್ ನಂಬಿದ್ದು ಬಹುಮಟ್ಟಿಗೆ ತನ್ನ ನೌಕರರನ್ನ, ಸುತ್ತಮುತ್ತಲಿನ ಹುಡುಗರನ್ನ.

ಮೊದಲನೇ ವರ್ಷ ಹೇಗೋ ಉಳಿದರು. 2010-11ರಲ್ಲಿ ಕೆಳಗಿಳಿದದ್ದು ಒಎನ್‌ಜಿಸಿ ಮತ್ತು ಪಂಜಾಬಿನ ಫಗ್ವಾಡಾದ ಜೆಸಿಟಿ ಮಿಲ್ ತಂಡ. ಈ ಜೆಸಿಟಿ ಯಾರು ಅಂದ್ರೆ 1996-97ರಲ್ಲಿ ನಡೆದ ಮೊಟ್ಟಮೊದಲ ರಾಷ್ಟ್ರೀಯ ಲೀಗಿನ ಚಾಂಪಿಯನ್. ಕೆಳಗಿಳಿದ ವರ್ಷವೇ ಮಿಲ್ಲಿನವರು ತಂಡವನ್ನೇ ಮುಚ್ಚಿದರು.

ಎರಡನೇ ವರ್ಷ, 2011-12, ಎಚ್‌ಎಎಲ್ ಉಳೀಲಿಲ್ಲ. 14 ತಂಡ, ಒಬ್ಬೊಬ್ಬರಿಗೆ 26 ಪಂದ್ಯ. ಡೆಂಪೊ ಚಾಂಪಿಯನ್ ಆಯ್ತು, ಎಚ್‌ಎಎಲ್ ತಳ ಸೇರಿತು. ಅದರ ಜೊತೆ ಇಳಿದದ್ದು ಕೇರಳದ ಚಿರಾಗ್ ಯುನೈಟೆಡ್.

ಆ ಸೀಸನ್ನಿನಲ್ಲಿ ಒಂದು ಪಂದ್ಯ ಮಾವನ ಜೊತೆ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿಗೆ ಹೋಗಿ ನೋಡಿದ್ದೆ. ಆಗಿನ್ನೂ ನಮ್ಮ ವಿಜಯನಗರಕ್ಕೆ ಮೆಟ್ರೊ ಬಂದಿರಲಿಲ್ಲ. ಮೆಜೆಸ್ಟಿಕ್ಕಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಸ್ಟೇಡಿಯಮ್ಮಲ್ಲಿ ಜನ ಅಷ್ಟಕ್ಕಷ್ಟೆ. ಬಂದಿದ್ದವರಲ್ಲಿ ಅರ್ಧ ಜನ ಮೊದಲ ಶಿಫ್ಟ್ ಮುಗಿಸಿ ಹಾಗೇ ಬಂದವರ ಥರ ಇದ್ರು, ಕೈಯಲ್ಲಿ ಟಿಫನ್ ಡಬ್ಬಿ. ಎದುರಾಳಿ ಗೋವಾದ ತಂಡ. ನಮ್ಮವರು ಓಡಿದ್ದೇ ಓಡಿದ್ದು, ಬಾಲು ಮಾತ್ರ ಅವರ ಕಾಲಲ್ಲೇ. ಎರಡನೇ ಹಾಫಿನಲ್ಲಿ ಉಸಿರು ಕಟ್ಟೋದು ಗ್ಯಾಲರಿಯಿಂದಲೇ ಕಾಣ್ತಿತ್ತು. ಸೋತರು. ಹಿಂದಿನ ಸಾಲಲ್ಲಿದ್ದ ಒಬ್ಬ ಹುಡುಗ ಅಸಹ್ಯವಾಗಿ ಬೈದ. ಮಾವ ತಿರುಗಿ, "ಅಪ್ಪಾ, ಅವರಿಗೆ ನಾಳೆ ಜನರಲ್ ಶಿಫ್ಟ್ ಇದೆ. ಅವರಿಗೆ?" ಅಂತ ಗೋವಾ ತಂಡದ ಕಡೆ ಕೈ ತೋರಿಸಿದರು. ಆ ಹುಡುಗ ಸುಮ್ಮನಾದ.

ಇಲ್ಲೀವರೆಗೆ ಕೇಳಿದ್ರೆ ನಮ್ಮ ಸಹೋದ್ಯೋಗಿ ಹೇಳಿದ್ದೇ ಸರಿ ಅನ್ಸುತ್ತೆ. ಆಡಿದರು, ಸೋತರು, ಇಳಿದರು. ಎಚ್‌ಎಎಲ್ ಕೂಡ ಯಾವ ರಿಯಾಯಿತಿಯನ್ನೂ ಕೇಳಲಿಲ್ಲ. ಈಗ ಮುಂದೆ ನೋಡಿ.

ಅದೇ ಲೀಗಿನಲ್ಲಿ ಪೈಲಾನ್ ಆರೋಸ್ ಅಂತ ಒಂದು ತಂಡ ಇತ್ತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನೇ ಕಟ್ಟಿದ ಎಳೆ ಹುಡುಗರ ತಂಡ. ಎಷ್ಟೇ ಸೋತರೂ ಹಿಂಬಡ್ತಿ ಇಲ್ಲ ಅಂತ ಅವರಿಗೆ ನಿಯಮದಲ್ಲೇ ವಿನಾಯಿತಿ ಕೊಟ್ಟಿದ್ರು. ಯಾಕೆ? ಬೀಳೋ ಭಯ ಇಲ್ಲದೆ ದೊಡ್ಡವರ ಜೊತೆ ಆಡಿ ಪಳಗಲಿ, ನಾಳೆ ದೇಶಕ್ಕೆ ಆಡಲಿ ಅಂತ. ನಾನು ಇದನ್ನ ತಪ್ಪು ಅನ್ನಲ್ಲ. ಬಹಳ ಸರಿಯಾದ ಯೋಚನೆ. ಆದರೆ ಗೆಳೆಯರೇ, ಇದಕ್ಕೆ ಏನಂತ ಹೆಸರು? ಅವಕಾಶ ಸಿಗದವರಿಗೆ ಕೆಲವು ಕಾಲ ಜಾಗ ಕಾದಿರಿಸಿ, ಬೆಳೆಯೋವರೆಗೆ ಕಾಪಾಡೋದು. ನಾವು ಕೇಳಿದಾಗ ಮೆರಿಟ್ ಹಾಳಾಗುತ್ತೆ ಅಂತಾರಲ್ಲ, ಅದೇ ಇದು. ಫುಟ್‌ಬಾಲಿನಲ್ಲಿ ಅದಕ್ಕೆ ಡೆವಲಪ್‌ಮೆಂಟ್ ಟೀಮ್ ಅಂತ ಹೆಸರಿಟ್ಟರು, ಯಾರೂ ಕೋರ್ಟಿಗೆ ಹೋಗಲಿಲ್ಲ.

ಇದು ಒಂದು ಥರದ ರಿಯಾಯಿತಿ. ಇನ್ನೊಂದು ಥರದ್ದಿದೆ, ದುಡ್ಡಿನ ರಿಯಾಯಿತಿ. ಬಡ್ತಿಯ ಏಣಿ ಹತ್ತದೆ, ದುಡ್ಡು ಕಟ್ಟಿ ನೇರವಾಗಿ ಮೇಲಿನ ಲೀಗಿಗೆ ಕಾರ್ಪೊರೇಟ್ ತಂಡಗಳನ್ನ ಸೇರಿಸಿಕೊಂಡರು. 2015-16ರ ಐ-ಲೀಗಿನಲ್ಲಿ ಒಂಬತ್ತು ತಂಡ. ಕೊನೇ ಸ್ಥಾನ ಪುಣೆಯ ಡಿಎಸ್‌ಕೆ ಶಿವಾಜಿಯನ್ಸ್ ತಂಡಕ್ಕೆ. ಎಂಟನೇ ಸ್ಥಾನ ಮಿಜೋರಾಮಿನ ಐಜ್ವಾಲ್ ಎಫ್‌ಸಿಗೆ. ಕೆಳಗಿಳಿಸಿದ್ದು ಯಾರನ್ನ? ಐಜ್ವಾಲನ್ನ! ಯಾಕಂದ್ರೆ ಶಿವಾಜಿಯನ್ಸ್ ನೇರ ಪ್ರವೇಶದವರು, ಅವರಿಗೆ ಹಿಂಬಡ್ತಿ ಇಲ್ಲ. ಕೊನೆಗೆ ಬಂದವನು ಉಳಿದ, ಅವನಿಗಿಂತ ಮೇಲಿದ್ದವನು ಬಿದ್ದ. ಆಮೇಲೆ ಗೋವಾದ ಕ್ಲಬ್ಬುಗಳು ಲೀಗು ಬಿಟ್ಟು ಹೊರಟಿದ್ದರಿಂದ ಜಾಗ ಖಾಲಿಯಾಗಿ, ಐಜ್ವಾಲನ್ನ ವಾಪಸ್ ಕರೆದರು. ಮುಂದಿನ ವರ್ಷ, 2016-17ರಲ್ಲಿ, ಅದೇ ಐಜ್ವಾಲ್ ಚಾಂಪಿಯನ್ ಆಯ್ತು.

ಈ ಒಂದು ಕಥೆಯನ್ನ ನಾನು ಸುಮಾರು ಸಭೆಗಳಲ್ಲಿ ಹೇಳಿದೀನಿ. ನಾಲಾಯಕ್ಕು ಅಂತ ಇಳಿಸಿದವನ ಲಾಯಕ್ಕು ಗೊತ್ತಾಗೋಕೆ ಇನ್ನೊಂದು ಅವಕಾಶ ಸಾಕಾಯ್ತು.

ನಮ್ಮ ಊರಿಗೆ ಬರೋಣ. ಎಚ್‌ಎಎಲ್ ಇಳಿದ ಮಾರನೇ ವರ್ಷ, 2013ರಲ್ಲಿ, ಕ್ಲಬ್ ಲೈಸೆನ್ಸಿಂಗ್ ಅಂತ ಏಷ್ಯಾ ಮಟ್ಟದ ನಿಯಮ ಬಿಗಿಯಾಯ್ತು. ಆ ಅರ್ಹತೆ ಪೂರೈಸಲಿಲ್ಲ ಅಂತ ಏರ್ ಇಂಡಿಯಾ ಮತ್ತು ಒಎನ್‌ಜಿಸಿ ತಂಡಗಳನ್ನ ಲೀಗಿನಿಂದ ಹೊರಗಿಟ್ಟರು. ಕಂಪನಿಯ ನೌಕರರ ತಂಡ ಅನ್ನೋ ಪದ್ಧತಿಗೇ ಬಾಗಿಲು ಹಾಕಿದ ಹಾಗಾಯ್ತು. ಅದೇ ವರ್ಷ ಜುಲೈನಲ್ಲಿ ಜೆಎಸ್‌ಡಬ್ಲ್ಯು ಕಂಪನಿಯ ಬೆಂಗಳೂರು ಎಫ್‌ಸಿ ಹುಟ್ಟಿತು, ನೇರವಾಗಿ ಐ-ಲೀಗಿಗೆ ಪ್ರವೇಶ ಪಡೀತು. ಮೊದಲ ಸೀಸನ್ನಿನಲ್ಲೇ, 2014ರ ಏಪ್ರಿಲ್‌ನಲ್ಲಿ, ಚಾಂಪಿಯನ್.

ಬಿಎಫ್‌ಸಿ ಮೇಲೆ ನನಗೆ ಸಿಟ್ಟಿಲ್ಲ. ಒಳ್ಳೆ ತಂಡ ಕಟ್ಟಿದರು, ಆಟಗಾರರನ್ನ ಚೆನ್ನಾಗಿ ನೋಡಿಕೊಂಡರು, ಕಂಠೀರವದಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರು ಎಬ್ಬಿಸೋ ಗದ್ದಲ ಕೇಳೋದೇ ಒಂದು ಖುಷಿ. ನಾನೂ ಹೋಗಿ ಕೂಗಿದೀನಿ. ನಾನು ಹೇಳ್ತಿರೋದು ನಿಯಮದ ಬಗ್ಗೆ. 2017ರಲ್ಲಿ ಬಿಎಫ್‌ಸಿ ಐಎಸ್‌ಎಲ್‌ಗೆ ಹೋಯ್ತು. 2014ರಲ್ಲಿ ಶುರುವಾದ ಐಎಸ್‌ಎಲ್‌ನಲ್ಲಿ ಮೊದಲ ಹನ್ನೊಂದು ಸೀಸನ್ ಯಾರಿಗೂ ಹಿಂಬಡ್ತಿ ಇರಲಿಲ್ಲ. ಎಷ್ಟೇ ಕೆಟ್ಟದಾಗಿ ಆಡಲಿ, ಮುಂದಿನ ವರ್ಷ ಅದೇ ಜಾಗ. 2023-24ರಲ್ಲಿ ಬಿಎಫ್‌ಸಿ 12 ತಂಡಗಳಲ್ಲಿ 10ನೇ ಸ್ಥಾನಕ್ಕೆ ಬಿತ್ತು. ಅಂಥ ಸೀಸನ್ ಅವರು ಕಂಡೇ ಇರಲಿಲ್ಲ. ಆದರೂ ಉಳಿದರು, ಸುಧಾರಿಸಿಕೊಂಡರು, 2025ರ ಏಪ್ರಿಲ್‌ನಲ್ಲಿ ಫೈನಲ್ ಆಡಿದರು. ಬಿದ್ದಾಗ ಕೆಳಗೊಂದು ನೆಲ ಇದ್ದರೆ ಮನುಷ್ಯ ಹೇಗೆ ಎದ್ದು ನಿಲ್ಲಬಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ.

ಅದೇ 2025ರಲ್ಲಿ, ಅದೇ ಬೆಂಗಳೂರಿನಲ್ಲಿ, ಇನ್ನೊಂದು ತಂಡ ಇಳೀತು. ಎಸ್‌ಸಿ ಬೆಂಗಳೂರು. 2023-24ರಲ್ಲಿ ಕೆಳಗಿನ ಐ-ಲೀಗ್ 2 ಗೆದ್ದು ಐ-ಲೀಗಿಗೆ ಏಣಿ ಹತ್ತಿ ಬಂದವರು. ಮೇಲೆ ಒಂದೇ ಒಂದು ಸೀಸನ್. ಡೆಲ್ಲಿ ಎಫ್‌ಸಿ ಜೊತೆ ವಾಪಸ್ ಕೆಳಗೆ. ಫೈನಲ್ ಆಡಿದ ತಂಡಕ್ಕೆ ಸಿಕ್ಕ ಎರಡನೇ ವರ್ಷ ಇವರಿಗೆ ಸಿಗಲಿಲ್ಲ. ಒಂದೇ ಊರು, ಒಂದೇ ಆಟ. ಒಂದಕ್ಕೆ ನೆಲ, ಇನ್ನೊಂದಕ್ಕೆ ಗುಂಡಿ.

ಹಾಗಾದ್ರೆ ಟೀ ಅಂಗಡಿಯ ಪ್ರಶ್ನೆಗೆ ಉತ್ತರ ಇಷ್ಟು: ಆಟದಲ್ಲೂ ರಿಯಾಯಿತಿ ಇದೆ. ಯಾರಿಗೆ ಇದೆ ಅನ್ನೋದನ್ನ ನೋಡಿ.

ಇನ್ನು ನಮ್ಮ ಹಿಂಬಡ್ತಿ. ನೌಕರಿಯಲ್ಲಿರೋ ಗೆಳೆಯರಿಗೆ ಇದು ಗೊತ್ತು, ಎಳೆಯರಿಗೋಸ್ಕರ ಹೇಳ್ತೀನಿ. ಕರ್ನಾಟಕದಲ್ಲಿ 1978ರಲ್ಲಿ ಬಡ್ತಿಯಲ್ಲಿ ಪರಿಶಿಷ್ಟ ಜಾತಿಗೆ ಶೇ. 15, ಪರಿಶಿಷ್ಟ ಪಂಗಡಕ್ಕೆ ಶೇ. 3 ಮೀಸಲಾತಿ ಬಂತು. ಹಾಗೆ ಬಡ್ತಿ ಪಡೆದವರಿಗೆ ಆ ಹುದ್ದೆಯ ಜ್ಯೇಷ್ಠತೆಯೂ ಸಿಗಬೇಕು ಅಂತ 2002ರಲ್ಲಿ ಕಾಯ್ದೆ ಆಯ್ತು. 2017ರ ಫೆಬ್ರವರಿ 9ರಂದು ಬಿ.ಕೆ. ಪವಿತ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು. ಪ್ರಾತಿನಿಧ್ಯ ಸಾಲದು ಅನ್ನೋದಕ್ಕೆ, ಹಿಂದುಳಿದಿರೋದಕ್ಕೆ, ಆಡಳಿತದ ದಕ್ಷತೆಗೆ ಧಕ್ಕೆ ಇಲ್ಲ ಅನ್ನೋದಕ್ಕೆ ಅಂಕಿ ಅಂಶ ಎಲ್ಲಿ ಅನ್ನೋದು ಪ್ರಶ್ನೆ. ಜ್ಯೇಷ್ಠತಾ ಪಟ್ಟಿಗಳನ್ನೆಲ್ಲ ಮತ್ತೆ ಬರೆದರು. ಇಲಾಖೆ ಇಲಾಖೆಯಲ್ಲೂ ನಮ್ಮವರು ಮೆಟ್ಟಿಲಿಳಿದರು.

ನಾನಿದ್ದ ಕಚೇರಿಯಲ್ಲಿ ಒಬ್ಬರು ಮೇಡಂ ಇದ್ರು. ಸೂಪರಿಂಟೆಂಡೆಂಟ್. ಟಿಪ್ಪಣಿ ಹೇಗೆ ಬರೀಬೇಕು, ಯಾವ ನಿಯಮ ಎಲ್ಲಿ ಉಲ್ಲೇಖಿಸಬೇಕು ಅಂತ ನನಗೆ ಕೈಹಿಡಿದು ಕಲಿಸಿದವರು. 2018ರಲ್ಲಿ ಆದೇಶ ಬಂತು, ಮೇಡಂ ಪ್ರಥಮ ದರ್ಜೆ ಸಹಾಯಕಿ. ಮಧ್ಯಾಹ್ನವೇ ನಾಮಫಲಕ ತೆಗೆದರು. ಬೆಳಗ್ಗೆ ತನಕ ಅವರ ಸಹಿಗೆ ಕಾಯ್ತಿದ್ದವರ ಪಕ್ಕದ ಟೇಬಲ್ಲಿಗೆ ಅವರ ಬ್ಯಾಗು ಬಂತು. ಅಟೆಂಡರ್ ಹುಡುಗ ಟೀ ಲೋಟ ಮೊದಲು ಯಾರ ಮುಂದೆ ಇಡಬೇಕು ಅಂತ ಗೊತ್ತಾಗದೆ ನಿಂತೇ ಇದ್ದ. ಮೇಡಂ ಅವತ್ತೂ ಸಂಜೆ ಐದೂವರೆವರೆಗೆ ಕೂತು ಬಾಕಿ ಇದ್ದ ಕಡತ ಮುಗಿಸಿ ಎದ್ದರು. ಅವರು ಯಾವ ಪಂದ್ಯ ಸೋತಿದ್ರು ಅಂತ ಇವತ್ತಿಗೂ ನನಗೆ ಅರ್ಥ ಆಗಿಲ್ಲ. ಕೆಲಸದಲ್ಲಿ ಒಂದು ತಪ್ಪಿಲ್ಲ, ಒಂದು ನೋಟಿಸ್ ಇಲ್ಲ. ಎಚ್‌ಎಎಲ್ ಆದರೂ 26 ಪಂದ್ಯ ಆಡಿ ಇಳೀತು.

ಆಮೇಲೆ ರತ್ನಪ್ರಭಾ ಸಮಿತಿ ವರದಿ, ಬೀದಿಯಲ್ಲಿ ನಮ್ಮೆಲ್ಲರ ಹೋರಾಟ, 2018ರ ಹೊಸ ಕಾಯ್ದೆ. 2019ರ ಮೇ 10ರಂದು ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನ ಎತ್ತಿಹಿಡೀತು. ಮೇಡಂಗೆ ಹುದ್ದೆ ವಾಪಸ್ ಬಂತು. ನಿವೃತ್ತಿಗೆ ಆಗ ಹೆಚ್ಚು ದಿನ ಉಳಿದಿರಲಿಲ್ಲ. ನಾವು ಗೆದ್ದೆವು ಅಂತ ಸಿಹಿ ಹಂಚಿದೆವು. ಆ ಮಧ್ಯದ ದಿನಗಳನ್ನ ಅವರಿಗೆ ಯಾರು ವಾಪಸ್ ಕೊಡ್ತಾರೆ?

ಈಗ ಮಾವನ ಟೋಕನ್ ನಂಬರಿಗೆ ಬರ್ತೀನಿ. ನನ್ನ ಪೋಸ್ಟಿನ ಅಸಲು ವಿಷಯ ಇಲ್ಲೇ ಇರೋದು.

2012ರಲ್ಲಿ ಎಚ್‌ಎಎಲ್ ತಂಡ ಬಿದ್ದಾಗ ಅದರ ನೌಕರ ಆಟಗಾರರು ಬೀದಿಗೆ ಬೀಳಲಿಲ್ಲ. ಸೀಸನ್ ಮುಗೀತು, ಬೆಳಗ್ಗೆ ಎದ್ದು ಡ್ಯೂಟಿಗೆ ಹೋದರು. ಹಿಂಬಡ್ತಿ ತಂಡಕ್ಕೆ, ಅವರ ಕೆಲಸಕ್ಕಲ್ಲ. ಸಂಬಳ ಬಂತು, ಮಕ್ಕಳು ಸ್ಕೂಲಿಗೆ ಹೋದವು. ನಮ್ಮ ಜನಕ್ಕೆ ಫುಟ್‌ಬಾಲ್ ಕೊಟ್ಟ ದೊಡ್ಡ ಕಪ್ಪು ಅದೇ. ಕೇರಿಯ ಹುಡುಗ ಮೈದಾನದಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಕ್ವಾರ್ಟರ್ಸಿಗೆ, ಅವನ ಮಗಳು ಅಲ್ಲಿಂದ ಡಿಗ್ರಿ ಕಾಲೇಜಿಗೆ. ಬಡ್ತಿ ಅಂದ್ರೆ ಅದು.

2025ರ ಆಗಸ್ಟ್‌ನಲ್ಲಿ ಏನಾಯ್ತು ನೋಡಿ. ಐಎಸ್‌ಎಲ್ ನಡೆಯುತ್ತೋ ಇಲ್ಲವೋ ಗೊತ್ತಿಲ್ಲ ಅಂತಾದಾಗ, ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನ ಅನಿರ್ದಿಷ್ಟ ಕಾಲ ತಡೆಹಿಡಿಯುತ್ತಿದ್ದೇವೆ ಅಂತ ಬಿಎಫ್‌ಸಿ ಪ್ರಕಟಣೆ ಕೊಟ್ಟಿತು. ದೇಶದ ಅತಿ ಗಟ್ಟಿ ಕ್ಲಬ್ಬುಗಳಲ್ಲಿ ಒಂದು ಅದು. ಹಿಂಬಡ್ತಿಯೇ ಇಲ್ಲದ ಲೀಗಿನ ಆಟಗಾರನಿಗೆ ಸಂಬಳ ಇಲ್ಲ. ಹಿಂಬಡ್ತಿ ಆದ ಎಚ್‌ಎಎಲ್ ಆಟಗಾರನಿಗೆ ಸಂಬಳ ಇತ್ತು. ಈ ಎರಡು ಸಾಲನ್ನ ಪಕ್ಕಪಕ್ಕ ಇಟ್ಟು ಓದಿ. ದೊಡ್ಡ ಹೆಸರಿನ ಆಟಗಾರರು ಹೇಗೋ ತಡ್ಕೋತಾರೆ. ಬಟ್ಟೆ ಒಗೆಯೋನು, ಮೈದಾನ ನೋಡ್ಕೊಳ್ಳೋನು ಏನು ಮಾಡ್ಬೇಕು?

ಎಚ್‌ಎಎಲ್ ಮತ್ತೆ ದೇಶದ ಮೇಲಿನ ಲೀಗಿಗೆ ಹತ್ತಲೇ ಇಲ್ಲ. ತಂಡ ಬಿದ್ದದ್ದಕ್ಕೆ ನನಗೆ ದುಃಖ ಇಲ್ಲ, ಆಟದಲ್ಲಿ ಬೀಳೋದು ಇದ್ದದ್ದೇ. ಕಾರ್ಖಾನೆಗಳಲ್ಲಿ ಕಾಯಂ ನೇಮಕಾತಿ ಕಡಿಮೆ ಆಗ್ತಾ, ಗುತ್ತಿಗೆ ಜಾಸ್ತಿ ಆಗ್ತಾ, ಟ್ರಯಲ್ಸಿಗೆ ಕರೆಯೋ ಕಾಗದ ನಿಂತೇಹೋಯ್ತಲ್ಲ, ಅದು ನನ್ನ ಸಂಕಟ. ನಮ್ಮ ಪಶ್ಚಿಮದ ಕಡೆಯೂ ನೋಡಿ. ಓರಾಯನ್ ಮಾಲ್ ಇರೋ ಜಾಗ ಕಿರ್ಲೋಸ್ಕರ್ ಕಾರ್ಖಾನೆಯದಾಗಿತ್ತು. ಮಾಗಡಿ ರೋಡಿನ ಬಿನ್ನಿ ಮಿಲ್ ಜಾಗದಲ್ಲಿ ಅಪಾರ್ಟ್‌ಮೆಂಟ್. ಕಾರ್ಖಾನೆ ಹೋದ ಮೇಲೆ ಕಾರ್ಖಾನೆ ತಂಡ ಎಲ್ಲಿಂದ ಬರುತ್ತೆ?

ಪ್ರತಿಭೆ ಕಡಿಮೆ ಆಗಿಲ್ಲ. 2023ರ ಮಾರ್ಚ್‌ನಲ್ಲಿ ಕರ್ನಾಟಕ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ಮೇಘಾಲಯವನ್ನ 3-2ರಲ್ಲಿ ಸೋಲಿಸಿ. ಆ ಸಂಜೆ ನಾನು ಮಾವಂಗೆ ಫೋನ್ ಮಾಡಿದೆ. ಕೆಂಗೇರಿ ಉಪನಗರದಲ್ಲಿ ಮಗಳ ಮನೇಲಿದ್ದಾರೆ ಈಗ. ಖುಷಿಪಟ್ಟರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಹುಡುಗ್ರಿಗೆ ಕೆಲಸ ಕೊಡ್ತಾರಂತೇನೋ?"

ಅದಕ್ಕೇ ನಮ್ಮ ಸಂಘಟನೆಗಳ ಮುಂದೆ ಎರಡು ಮಾತು ಇಡ್ತೀನಿ. ಒಂದು, ಸಾರ್ವಜನಿಕ ಉದ್ದಿಮೆಗಳ ಖಾಸಗೀಕರಣದ ವಿರುದ್ಧ ಮಾತಾಡೋವಾಗ ರೋಸ್ಟರ್ ಜೊತೆ ಕ್ರೀಡಾ ನೇಮಕಾತಿಯನ್ನೂ ಬೇಡಿಕೆ ಪಟ್ಟಿಗೆ ಸೇರಿಸೋಣ. ನಮ್ಮ ಹುಡುಗ ಹುಡುಗಿಯರಿಗೆ ಅದೂ ಒಂದು ಬಾಗಿಲು. ಎರಡು, ನಮ್ಮ ವಾರ್ಡುಗಳ ಮೈದಾನಕ್ಕೆ ಬೇಲಿ ಹಾಕಿ, ಗಂಟೆಗಿಷ್ಟು ಅಂತ ಬಾಡಿಗೆಗೆ ಬಿಡೋದು ಕಂಡಲ್ಲಿ ಕೇಳೋಣ. ಕೇರಿಯ ಹುಡುಗ ಮೊದಲು ಹೊರಬೀಳೋದು ಲೀಗಿನಿಂದಲ್ಲ, ಆ ಗೇಟಿನ ಹತ್ತಿರ.

ಕೊನೇದಾಗಿ, ಒಂದು ಕೆಲಸ ಹೇಳ್ತೀನಿ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಫುಟ್‌ಬಾಲ್, ಕಬಡ್ಡಿ, ವಾಲಿಬಾಲ್ ಆಡಿ ಕಾರ್ಖಾನೆ ಕೆಲಸಕ್ಕೆ ಸೇರಿದವರು ಇದ್ರೆ ಅವರನ್ನ ಕೂರಿಸಿ ಮಾತಾಡಿಸಿ. ಯಾವ ವರ್ಷ, ಯಾವ ತಂಡ, ಏನು ಕೆಲಸ, ಆ ಸಂಬಳದಲ್ಲಿ ಮನೆಯಲ್ಲಿ ಯಾರು ಯಾರು ಓದಿದರು ಅಂತ ಬರೆದು ಕೆಳಗೆ ಹಾಕಿ. ಟ್ರೋಫಿಗಳ ಲೆಕ್ಕ ಅಸೋಸಿಯೇಷನ್ನಿನವರ ಹತ್ತಿರ ಇರುತ್ತೆ. ಈ ಲೆಕ್ಕ ನಾವೇ ಬರೀಬೇಕು. ನಾಳೆ ಯಾರಾದ್ರೂ ಟೀ ಅಂಗಡಿಯಲ್ಲಿ ಮೆರಿಟ್ ಅಂದ್ರೆ ತೋರಿಸೋಕೆ ಬೇಕಾಗುತ್ತೆ.

ಜೈ ಭೀಮ್.